ಹೊಸ ಕೋಡು, ಹಳೆಯ ಇಂಜೆಕ್ಟರ್

ಇಂಜೆಕ್ಟರಿನ ತಲೆಗೆ ಮೆತ್ತಿದ್ದ ಎಣ್ಣೆ, ಹಳದಿ ಪುಡಿ ಒರೆಸಿ, ಅಲ್ಲಿ ಕೊರೆದಿದ್ದ ಕೋಡನ್ನು ನೀಲಕಂಠ ಜೋಶಿ ಗಟ್ಟಿಯಾಗಿ ಓದಿದರು. ಶಬನಮ್ ಗಾಡಿಯ ಕಂಪ್ಯೂಟರಿಗೆ ಜೋಡಿಸಿದ್ದ ತನ್ನ ಸ್ಕ್ಯಾನರಿನ ಪರದೆ ನೋಡಿದಳು. ಒಂದಕ್ಷರವೂ ತಾಳೆಯಾಗಲಿಲ್ಲ.

ಎರಡನೆಯದು? ಇಲ್ಲ. ಮೂರನೆಯದು? ಅದೂ ಇಲ್ಲ. ಆ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಆರನ್ನೂ ಓದಿ ಮುಗಿಸಿದರು. ಆರರಲ್ಲಿ ಒಂದೂ ಹೊಂದಲಿಲ್ಲ.

ಕಿತ್ತೂರಿನಾಚೆ, ಹೆದ್ದಾರಿಗೆ ಅಂಟಿಕೊಂಡಿದ್ದ ಪೊಲೀಸ್ ಠಾಣೆಯ ಅಂಗಳವದು. ನಡುವೆ ನುಜ್ಜುಗುಜ್ಜಾದ ಕಪ್ಪು ಕಾರು. ಜರ್ಮನಿಯದು, ಆರು ಸಿಲಿಂಡರಿನ ಡೀಸೆಲ್ ಗಾಡಿ, ಕಾಲಿಟ್ಟರೆ ಚಿಮ್ಮುವಂಥದ್ದು. ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನೇಸರಗಿಯ ಬಸವಣ್ಣೆಪ್ಪ ಅದನ್ನು ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಭಾನುವಾರ ಬೆಳಿಗ್ಗೆ ಟ್ಯಾಂಕರೊಂದನ್ನು ಹಿಂದಿಕ್ಕಿ ಅದರ ಮುಂದೆ ಬಂದದ್ದೇ ತಡ, ಇಂಜಿನ್ ಹಿಡಿದು ನಿಂತಿತು. ಟ್ಯಾಂಕರ್ ನಿಲ್ಲಲಿಲ್ಲ. ಬಾಗಿಲು ಕತ್ತರಿಸಿ ಬಸವಣ್ಣೆಪ್ಪನನ್ನು ಹೊರಗೆ ತೆಗೆದಾಗ ಜೀವ ಇರಲಿಲ್ಲ.

ಇಂಜಿನ್ ಯಾಕೆ ನಿಂತಿತು? ಅದನ್ನು ನೋಡಲೆಂದೇ ವಿಮಾ ಕಂಪನಿ ಧಾರವಾಡದಿಂದ ಸರ್ವೇಯರ್ ನೀಲಕಂಠ ಜೋಶಿಯವರನ್ನು ಕಳಿಸಿತ್ತು. ಪೂಜಾರಿಕೆಯ ಮನೆತನದವರು, ಇಂಜಿನಿಯರಿಂಗ್ ಓದಿ ಈ ದಾರಿ ಹಿಡಿದವರು. ಕೈಗೆ ಸಿಕ್ಕಿದ್ದನ್ನೆಲ್ಲ ಮೂಗಿಗೆ ಹಿಡಿಯುವ ವಿಚಿತ್ರ ಚಟ ಅವರದು. ಎಣ್ಣೆ, ಮಸಿ, ಸುಟ್ಟ ವಯರು, ಎಲ್ಲದರ ವಾಸನೆಯೂ ಅವರಿಗೆ ಬೇಕು. ಪೇದೆಗಳು ಆಗಲೇ ಅವರಿಗೆ ಮೂಗಿನ ಸಾಹೇಬ್ರು ಎಂದು ಹೆಸರಿಟ್ಟಿದ್ದರು.

ಆ ಇಂಜೆಕ್ಟರುಗಳನ್ನು ಬದಲಿಸಿದ್ದು ಕಳೆದ ವಾರ, ಶಬನಮ್‌ಳ ಗಂಡ ಫಾರೂಕ್. ಬೈಲಹೊಂಗಲದ ಅವರ ಗ್ಯಾರೇಜಿನಲ್ಲಿ ನಟ್ಟು ಬೋಲ್ಟಿನ ಕೆಲಸ ಅವನದು, ಕಂಪ್ಯೂಟರಿನ ಕೆಲಸ ಅವಳದು. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳು ನೋಡಲು ಒಂದೇ ಥರ ಇದ್ದರೂ ಒಂದು ತುಸು ಹೆಚ್ಚು ಉಗುಳುತ್ತದೆ, ಇನ್ನೊಂದು ತುಸು ಕಡಿಮೆ. ಅದಕ್ಕೇ ಪ್ರತಿಯೊಂದರ ತಲೆಯ ಮೇಲೂ ಅದರದೇ ಕೋಡು. ಹೊಸದನ್ನು ಕೂಡಿಸಿದಾಗ ಆ ಕೋಡನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಶಬನಮ್ ತಿಳಿಸಿದ್ದಳು. ಆರು ಹೊಸ ಇಂಜೆಕ್ಟರುಗಳ ಕೋಡು ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತು. ಇಂಜಿನ್ನಿನಲ್ಲಿ ಮಾತ್ರ ಕೂತಿದ್ದು ಮಸಿ ಹಿಡಿದ ಆರು ಹಳೆಯವು.

ಠಾಣೆಯ ಫೌಜದಾರರು ಅವಳತ್ತ ತಿರುಗಿದರು.

"ಹೊಸಾವು ಎಲ್ಲಿ ಹೋದೂವು?"

"ಗೊತ್ತಿಲ್ರಿ ಸಾಹೇಬ್ರ."

"ನಿನ್ನ ಗಂಡ ಅವನ್ನ ಕೂಡಸೂವಾಗ ನೀ ಕಣ್ಣಾರೆ ನೋಡಿಯೇನು?"

ಕೂಡಿಸಿದ ಮೇಲೆ ಪೈಪುಗಳ ಅಡಿ ಕೋಡು ಕಾಣುವುದಿಲ್ಲ. ಹಾಗಾಗಿ ಟ್ರೇಯಲ್ಲಿ ಇಟ್ಟಿರುವಾಗಲೇ ಓದಿ ಕಂಪ್ಯೂಟರಿಗೆ ಹಾಕಿಬಿಡುವುದು ಅವರ ರೂಢಿ. ಅಂದೂ ಹಾಗೇ ಮಾಡಿ, ಅತ್ತೆ ರಹೀಮಬಿಗೆ ಊಟ ಬಡಿಸಲು ಅವಳು ಮನೆಗೆ ಹೋಗಿದ್ದಳು. ಪೊಲೀಸರು ಕರೆಸಿದ್ದ ಫಾರೂಕ್ ಜೀಪಿನ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದ. ಅವಳು ನೆಲ ನೋಡಿದಳು.

"ಇಲ್ರಿ. ನೋಡಿಲ್ಲ."

ಫೌಜದಾರರು ಕಣ್ಸನ್ನೆ ಮಾಡಿದರು. ಪೇದೆಯೊಬ್ಬ ಫಾರೂಕನ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

"ಹೊಸಾ ತೋರಿಸಿ ಹಳೇ ಹಾಕ್ಯಾರ," ಎಂದ ಬೇಲಿಯ ಬಳಿ ನಿಂತಿದ್ದ ಕೌಶಿಕ. ಸವದತ್ತಿಯಲ್ಲಿ ಅವನಿಗೆ ಟೈಲ್ಸ್ ಅಂಗಡಿ, ಹೂಲಿಯ ಹೊಲದಲ್ಲಿ ದೊಡ್ಡ ಶೆಡ್ಡು. ಬಸವಣ್ಣೆಪ್ಪನ ಜೀವದ ಗೆಳೆಯ. ಗೆಳೆಯನದೇ ಜಾತಿಯ ಕಾರು ಅವನ ಬಳಿಯೂ ಇತ್ತು. ವಿಡಿಯೋ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆಗಿದ್ದ. ಭಾನುವಾರಗಳಂದು ಇಬ್ಬರೂ ಹೆದ್ದಾರಿಯಲ್ಲಿ ಜಿದ್ದಿಗೆ ಬಿದ್ದು ಓಡಿಸುತ್ತಿದ್ದರು. ಪ್ರತಿ ಸಲವೂ ಬಸವಣ್ಣೆಪ್ಪನೇ ಮುಂದು. ಅಪಘಾತವಾದ ಭಾನುವಾರ ಮಾತ್ರ ಕೌಶಿಕ ಮುಂದಿದ್ದ. ಸುದ್ದಿ ತಿಳಿದು ಮೊದಲು ತಿರುಗಿ ಬಂದವನೂ ಅವನೇ, ಹೆಣದ ಮೇಲೆ ಬಿದ್ದು ಅತ್ತವನೂ ಅವನೇ.

ಕಣ್ಣೊರೆಸಿಕೊಳ್ಳುತ್ತ ಅವನು ತನ್ನ ಬಿಳಿ ಕಾರು ಹತ್ತಿ ಹೊರಟ. ಗೇಟಿನ ಬಳಿ ನಿಧಾನವಾದಾಗ ಇಂಜಿನ್ ಕಟಕಟ ಅಂದಿತು. ಬೇರೆ ದಿನವಾಗಿದ್ದರೆ ಶಬನಮ್ ಕರೆದು ಯಾಕೆಂದು ಕೇಳುತ್ತಿದ್ದಳು. ಅಂದು ಅವಳ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲಿಲ್ಲ.

ನೀಲಕಂಠರು ಕಪ್ಪು ಕಾರಿನ ಡಿಕ್ಕಿಯೊಳಗೆ ತಲೆ ಹಾಕಿದ್ದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಗೋಣಿಚೀಲ. ಬಿಚ್ಚಿದರೆ, ಮತ್ತೆ ಆರು ಹಳೆಯ ಇಂಜೆಕ್ಟರು.

"ಇವು ಏನವಾ, ತಂಗಿ?"

"ಈ ಗಾಡಿಯಿಂದ ಬಿಚ್ಚಿದ್ದವು ರೀ. ಬಿಚ್ಚಿದ ಸಾಮಾನ ಮಾಲಕರಿಗೇ ಕೊಡೋದು ನಮ್ಮನಿಯವ್ರ ಪದ್ಧತಿ."

"ಹಂಗಾದ್ರ ಇಂಜಿನ್‌ನಾಗ ಕೂತಾವಲ್ಲ, ಅವು ಯಾರವು?"

ಗಾಡಿಯ ಹಳೆಯವು ಚೀಲದಲ್ಲಿ. ಹೊಸವು ಮಾಯ. ಈ ಮೂರನೆಯ ಸೆಟ್ಟು ಎಲ್ಲಿಂದ ಬಂತು? ಗುಜರಿಯವರ ಹತ್ತಿರ ಫಾರೂಕನಿಗೆ ಎಂಥ ಸಾಮಾನೂ ಸಿಗುತ್ತದೆ. ಹುಬ್ಬಳ್ಳಿಯ ಗುಜರಿಗೆ ಹೋಗಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಏನು ತಂದೆ ಎಂದು ಕೇಳಿದ್ದಕ್ಕೆ ನಕ್ಕು ಸುಮ್ಮನಾಗಿದ್ದ. ಆ ನಗು ಈಗ ಅವಳಿಗೆ ನೆನಪಾಯಿತು. ನನ್ನ ಗಂಡ ಹೀಗೆ ಮಾಡಿರಬಹುದೇ? ಇಷ್ಟು ವರ್ಷ ಕೂಡಿ ಬಾಳಿದವಳು ಇದನ್ನು ಕೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಪ್ರಶ್ನೆ ಹೋಗಲಿಲ್ಲ.

ಬಸವಣ್ಣೆಪ್ಪನ ಮನೆಗೆ ಹೊರಟಿದ್ದ ನೀಲಕಂಠರ ಜೊತೆ ಅವಳೂ ಹಟ ಹಿಡಿದು ನೇಸರಗಿಗೆ ಹೋದಳು. ಮಗ ಸತ್ತ ಮನೆಗೆ ಮುಖ ತೋರಿಸದೆ ಇರುವುದು ಅವಳಿಂದಾಗಲಿಲ್ಲ. ಬಸವಣ್ಣೆಪ್ಪನ ತಾಯಿ ಮಾಯವ್ವ ಸರ್ವೇಯರಿಗೆ ಕುರ್ಚಿ ಹಾಕಿಸಿದಳು. ಇವಳಿಗೆ ಕೂಡು ಅನ್ನಲಿಲ್ಲ.

"ನಿನ್ನ ಗಂಡ ನನ್ನ ಮಗನ್ನ ನುಂಗಿದ. ಇನ್ನೇನ್ ನೋಡಾಕ ಬಂದಿ?"

ಶಬನಮ್ ಬಾಗಿಲ ಬದಿಯಲ್ಲಿ ನಿಂತೇ ಇದ್ದಳು. ನೀಲಕಂಠರು ಮೆಲ್ಲಗೆ ವಿಚಾರಿಸುತ್ತ ಹೋದರು. ಗ್ಯಾರೇಜಿನಿಂದ ಬಂದ ಮೇಲೆ ಗಾಡಿ ಎಲ್ಲೆಲ್ಲಿ ಹೋಗಿತ್ತು? ಮೊದಲು ಎಲ್ಲಮ್ಮನ ಗುಡ್ಡಕ್ಕೆ ಎಂದಳು ಮಾಯವ್ವ. ಕಾಯಿ ಒಡೆಸಿ, ಕರಿ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಇಂಜಿನ್ನಿನ ಮೈಮೇಲೇ ತನ್ನ ಕೈಯಾರೆ ಬೊಗಸೆ ತುಂಬ ಎಲ್ಲಮ್ಮನ ಭಂಡಾರದ ಅರಿಶಿನ ತೂರಿದ್ದಳಂತೆ.

"ಅದಕ್ಕಿಂತ ಮೊದಲ ಎಂದಾದ್ರೂ ಭಂಡಾರ ಹಾಕಿದ್ರೇನು?"

"ಇಲ್ರಿ. ತಂದಾಗಿಂದ ಕೆಮ್ಮಾಕ ಹತ್ತಿತ್ತು ಆ ಗಾಡಿ. ಬ್ಯಾನಿ ಇದ್ದ ಗಾಡಿ ತಾಯಿ ಮುಂದ ಒಯ್ಯಬಾರ್ದು, ಮೊದಲ ರಿಪೇರಿ ಮಾಡಸು ಅಂದಿದ್ನಿ. ಅದ ಮೊದಲನೇ ಸಲ."

ನೀಲಕಂಠರು ತಮ್ಮ ಬೆರಳ ತುದಿಯನ್ನು ಮೂಗಿಗೆ ಹಿಡಿದರು.

"ಗುಡ್ಡದಿಂದ?"

ಗುಡ್ಡದಿಂದ ಕಟಕೋಳಕ್ಕೆ ಹೋದರಂತೆ, ನೆಂಟರ ಮದುವೆಗೆ. ಆ ದಾರಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಅದನ್ನು ಹೂಲಿಯ ಕೌಶಿಕನ ಶೆಡ್ಡಿನಲ್ಲಿ ಬಿಟ್ಟು, ಬಾಡಿಗೆ ಜೀಪು ಮಾಡಿಕೊಂಡರು. ಮದುವೆ ಮುಗಿಸಿ ಮರಳಿ ಬಂದು ಕಾರು ತೆಗೆದರೆ ಇಂಜಿನ್ ಬಡಿದುಕೊಳ್ಳತೊಡಗಿತ್ತು. ಫಾರೂಕನಿಗೆ ಫೋನ್ ಮಾಡುತ್ತೇನೆಂದ ಮಗನನ್ನು ಕೌಶಿಕನೇ ತಡೆದ. ಹೊಸ ಇಂಜೆಕ್ಟರು, ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ ಎಂದು ಸಮಾಧಾನ ಹೇಳಿದ.

ಶಬನಮ್ ತಲೆ ಎತ್ತಿದಳು. ನೀಲಕಂಠರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಇಳಿಹೊತ್ತಿಗೆ ಅದೇ ಅಂಗಳದಲ್ಲಿ ಎಲ್ಲರೂ ಸೇರಿದರು. ಫೌಜದಾರರು ಹೇಳಿಕಳಿಸಿದ್ದರಿಂದ ಕೌಶಿಕನೂ ಬಂದಿದ್ದ. ಫಾರೂಕನನ್ನು ಹೊರಗೆ ಕರೆತಂದರು. ನೀಲಕಂಠರು ಮೂರನೆಯ ಸಿಲಿಂಡರಿನ ಕ್ಲಾಂಪ್ ಸಡಿಲಿಸಿ, ಎಳೆಯುವ ಸಾಧನ ಕೂಡಿಸಿ, ಇಂಜೆಕ್ಟರನ್ನು ನಿಧಾನವಾಗಿ ಮೇಲೆತ್ತಿದರು. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ ನಿಟ್ಟುಸಿರಿಟ್ಟರು. ಹಳೆಯ ಇಂಜೆಕ್ಟರ್ ಚಿಮ್ಮಿಸುವ ಬದಲು ಡೀಸೆಲ್ ತೊಟ್ಟಿಕ್ಕಿಸಿತ್ತು. ಪಿಸ್ಟನ್ ಕರಗಿ ಇಂಜಿನ್ ಹಿಡಿದುಕೊಂಡಿತ್ತು.

ಅದರ ಮೂತಿಗಿದ್ದ ತಾಮ್ರದ ಉಂಗುರವನ್ನು ಬಿಡಿಸಿ, ಅದರ ಅಡಿಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದರು. ಬಳಿಕ ಫೌಜದಾರರ ಮುಂದೆ ಬೆರಳು ಚಾಚಿದರು.

"ಏನ್ ಕಾಣಸ್ತದ?"

"ಅರಿಷಿಣ. ಭಂಡಾರ ಇದ್ದಂಗೈತಿ. ಇಂಜಿನ್ ತುಂಬ ಐತಲ್ರಿ?"

"ಇಂಜಿನ್ ತುಂಬ ಅದ. ಅದಕ್ಕ ಯಾರೂ ನೋಡಲಿಲ್ಲ. ಈ ಸೀಮ್ಯಾಗ ಭಂಡಾರ ಇಲ್ಲದ ಗಾಡಿ ಎಲ್ಲಿ ಅದ? ನಾನೂ ಮಧ್ಯಾಹ್ನ ಒರೆಸಿ ಒಗದೆ. ಆದ್ರ ಇದು ಮ್ಯಾಲಿಂದಲ್ಲ. ಉಂಗುರದ ಅಡಿಯಿಂದು."

"ಪುಡಿ ಅಲ್ಲೇನ್ರಿ, ಸಂದ್ಯಾಗ ಇಳದಿರಬೇಕು."

"ಬದಿಗೆ ಇಳೀತದ. ಬಿಗಿದ ಕೂತ ಎರಡು ಲೋಹದ ನಡುವ ಹೆಂಗ ಹೋಗ್ತದ? ಇಂಜೆಕ್ಟರ್ ಮ್ಯಾಲೆ ಎತ್ತಿದಾಗ ಸುತ್ತಲಿನ ಪುಡಿ ತೂತಿನ್ಯಾಗ ಬಿತ್ತು. ಅದರ ಮ್ಯಾಲೆ ಉಂಗುರ ಕೂಡಿಸಿ ಬಿಗದರು. ಅಂದ್ರ ಇವನ್ನ ಹಾಕಿದ್ದು ಭಂಡಾರ ಬಿದ್ದ ಮ್ಯಾಲೆ."

ಈ ಇಂಜಿನ್ನಿಗೆ ಭಂಡಾರ ಬಿದ್ದದ್ದು ಒಂದೇ ಸಲ, ಗ್ಯಾರೇಜು ಬಿಟ್ಟ ಮೇಲೆ ಎಂದು ನೀಲಕಂಠರು ಬಿಡಿಸಿ ಹೇಳಿದರು. ಆಮೇಲೆ ಫಾರೂಕ್ ಗಾಡಿಯನ್ನು ಕಣ್ಣಿನಿಂದಲೂ ನೋಡಿಲ್ಲ. ಅದು ಒಡೆಯನ ಕಣ್ಣು ತಪ್ಪಿ ನಿಂತದ್ದು ಒಂದೇ ಕಡೆ, ಹೂಲಿಯ ಶೆಡ್ಡಿನಲ್ಲಿ. ಮೂರನೆಯ ಸೆಟ್ಟು ಎಲ್ಲಿಂದ ಬರಬೇಕು? ಇದೇ ಜಾತಿಯ ಇನ್ನೊಂದು ಗಾಡಿಯಿಂದ. ಅಂಥವು ಈ ಸುತ್ತಿನಲ್ಲಿ ಎಷ್ಟಿವೆ?

ಶಬನಮ್‌ಳಿಗೆ ಮಧ್ಯಾಹ್ನದ ಕಟಕಟ ಸದ್ದು ಆಗ ನೆನಪಿಗೆ ಬಂತು.

"ಅವ್ರ ಗಾಡಿ ಚಾಲೂ ಮಾಡಸ್ರಿ ಸಾಹೇಬ್ರ," ಎಂದಳು. "ಹೊಸಾ ಇಂಜೆಕ್ಟರ್ ಇದ್ದು ಕೋಡು ಹಳೇದ ಇದ್ರ ಹಂಗ ಕಟಕಟ ಅಂತೈತ್ರಿ. ಕೋಡು ಹಾಕಾಕ ನನ್ನ ಕಡೆ ಬರಬೇಕಿತ್ತು. ಅವ್ರು ಹೆಂಗ ಬಂದಾರು?"

ಕೌಶಿಕ ಕೀಲಿಕೈ ಕೊಡಲಿಲ್ಲ. ಪೇದೆ ಕಿತ್ತುಕೊಂಡ. ಬಿಳಿ ಕಾರಿನ ಇಂಜಿನ್ನಿನ ಮುಚ್ಚಳ ತೆಗೆದು, ಪೈಪು ಸರಿಸಿ, ನೀಲಕಂಠರು ಗಟ್ಟಿಯಾಗಿ ಓದತೊಡಗಿದರು. ಮಧ್ಯಾಹ್ನ ತಾಳೆಯಾಗದೆ ಉಳಿದಿದ್ದ ಅಕ್ಷರಗಳು ಒಂದೊಂದಾಗಿ ಶಬನಮ್‌ಳ ಪರದೆಯಲ್ಲಿ ತಾಳೆಯಾದವು. ಆರಕ್ಕೆ ಆರೂ.

"ಗೆಳೆಯನ ಹೊಸಾವು ನಿನ್ನ ಗಾಡಿಗೆ, ನಿನ್ನ ಹಾಳಾದವು ಅವಗ. ಹೌದಲ್ಲ, ಕೌಶಿಕ?" ಎಂದರು ನೀಲಕಂಠರು.

ಕೌಶಿಕ ಬಿಳಿ ಕಾರಿನ ಚಕ್ರಕ್ಕೆ ಒರಗಿ ಕುಸಿದು ಕೂತ.

"ಕೊಲ್ಹಾಪುರದ ಗಾಡಿ ರೇಸಿನವ್ರು ನಮ್ಮ ಭಾನುವಾರದ ಓಟ ನೋಡಾಕ ಬರೂರಿದ್ರು ರೀ. ಅವ್ರ ಮುಂದ ಒಂದ ಸಲ ಗೆಲ್ಲಬೇಕಂತ ಇತ್ತು. ಸೋಮವಾರ ತಿರುಗಿ ಹಾಕಿ ಕೊಡಾಂವಿದ್ದೆ. ಸಾಯಲಿ ಅಂತ ಮಾಡಿಲ್ರಿ."

ಅವನು ಅಳುತ್ತಿದ್ದ. ಭಾನುವಾರವೂ ಹೀಗೇ ಅತ್ತಿದ್ದ. ಆ ಅಳು ಸುಳ್ಳಿರಲಿಲ್ಲ ಎಂಬುದೇ ಶಬನಮ್‌ಳಿಗೆ ಎಲ್ಲಕ್ಕಿಂತ ಭಯ ಹುಟ್ಟಿಸಿತು. ಫೌಜದಾರರು ಅವನನ್ನು ಎಬ್ಬಿಸಿ ಒಳಗೆ ನಡೆಸಿದರು, ಮಧ್ಯಾಹ್ನ ಫಾರೂಕ್ ಹೋದ ಅದೇ ಬಾಗಿಲಿನಿಂದ.

ಕಿತ್ತೂರಿನಿಂದ ಬೈಲಹೊಂಗಲದ ಬಸ್ಸಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತರು. ಊರು ಹತ್ತಿರ ಬಂದಾಗ ಫಾರೂಕ್ ಮಾತಾಡಿದ. ಮನೆಯ ಉರ್ದುವಿನಲ್ಲಿ ಆಡಲಿಲ್ಲ, ಗ್ಯಾರೇಜಿನ ಕನ್ನಡದಲ್ಲಿ ಆಡಿದ.

"ನೋಡಿಲ್ಲ ಅಂದಿ. ಖರೆ ಐತಿ, ನೀ ನೋಡಿರಲಿಲ್ಲ. ನೆಲಾ ಯಾಕ ನೋಡಿದಿ?"

ಕ್ಷಮಿಸು ಅನ್ನಲು ಬಾಯಿ ತೆರೆದಳು. ಹಾಗಂದರೆ ಅನುಮಾನ ಪಟ್ಟದ್ದು ನಿಜವೆಂದು ಒಪ್ಪಿದಂತಾಗುತ್ತದೆಂದು ಹೆದರಿ ಮುಚ್ಚಿದಳು. ಅವನು ಕಿಟಕಿಯ ಹೊರಗೆ ನೋಡಿದ.

ಮುಂದಿನ ವಾರ ರಾಮದುರ್ಗದಿಂದ ಒಂದು ಗಾಡಿ ಬಂತು, ಅದೇ ಕೆಲಸಕ್ಕೆ. ಶಬನಮ್ ಟ್ರೇಯಲ್ಲಿದ್ದ ಕೋಡುಗಳನ್ನು ಓದಿ ಕಂಪ್ಯೂಟರಿಗೆ ಹಾಕಿದಳು. ರೂಢಿಯಂತೆ ಮನೆಗೆ ಹೊರಟವಳನ್ನು ಫಾರೂಕ್ ನಿಲ್ಲು ಎಂದ. ಮೊದಲ ಇಂಜೆಕ್ಟರನ್ನು ಅವಳ ಕಣ್ಣ ಮುಂದೆ ಹಿಡಿದ.

"ನೋಡ್ಕೋ," ಎಂದ.

ಅವಳು ನೋಡಿದಳು. ಅವನು ಅದನ್ನು ಕೂಡಿಸಿ ಬಿಗಿದು, ಮುಂದಿನದನ್ನು ಎತ್ತಿ ಹಿಡಿದ. ಮತ್ತೆ ನೋಡ್ಕೋ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರತಿಯೊಂದಕ್ಕೂ ಹಾಗೇ ಅಂದ, ಪ್ರತಿಯೊಂದನ್ನೂ ಅವಳು ನೋಡಿದಳು, ಮತ್ತು ಕೊನೆಯ ಬೋಲ್ಟು ಬಿಗಿಯುವವರೆಗೆ ಅಲ್ಲೇ ನಿಂತಳು.