ಒಬ್ಬರೂ ತಪ್ಪಿಸದ ತಿಂಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರು ಕೇಳಿ ಇನ್ಸ್‌ಪೆಕ್ಟರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೂರುದಾರರು ನಗರಸಭೆಯ ಆರೋಗ್ಯಾಧಿಕಾರಿ.

"ನಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿ ಹೋದ ತಿಂಗಳು ಒಬ್ಬರೂ ತಪ್ಪಿಸಿಲ್ಲ."

"ಒಳ್ಳೇದೇ ಆಯ್ತಲ್ಲ ಸಾರ್?"

"ಏನ್ ಒಳ್ಳೇದು! ನಲವತ್ತು ಜನ ಪುಡಿ ಸೇದಿದೋರು, ತಿಂಗಳಿಡೀ ಗಡಿಯಾರ ನೋಡ್ಕೊಂಡು ಬರ್ತಾರೇನ್ರೀ? ನಾನೇ ಆಫೀಸಿಗೆ ಅಷ್ಟು ಸರಿಯಾಗಿ ಬರಲ್ಲ. ಬರದೋರ ಹೆಸರಲ್ಲಿ ಹಾಜರಿ ಹಾಕಿ ಯಾರೋ ಮಾತ್ರೆ ಕದೀತಿದ್ದಾರೆ."

ಎಫ್‌ಐಆರ್ ದಾಖಲಾಯಿತು. 11.40ಕ್ಕೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಕೇಂದ್ರದಲ್ಲಿದ್ದರು. ಕೇಂದ್ರವೆಂದರೆ ನಗರಸಭೆಯ ಹಿಂದಿನ ಒಂದು ಕೋಣೆ: ಉದ್ದನೆಯ ಬೆಂಚು, ಕಬ್ಬಿಣದ ಬೀರು, ನರ್ಸಿನ ಮೇಜು. ಪುಡಿಯ ಚಟ ಬಿಡಿಸುವ ಮಾತ್ರೆಯನ್ನು ದಿನಾ ಬಂದು ನಾಲಿಗೆಯಡಿ ಇಟ್ಟು, ನರ್ಸಿನ ಎದುರೇ ಕರಗಿಸಿ, ಬಾಯಿ ತೆರೆದು ತೋರಿಸಿಯೇ ಹೋಗಬೇಕು. ಸಮಯ ಹತ್ತರಿಂದ ಹನ್ನೆರಡು. ಸತತ ಮೂರು ದಿನ ತಪ್ಪಿಸಿದರೆ ಹೆಸರು ಹೊಡೆದು ಕಾಯುವವರ ಪಟ್ಟಿಯ ಕೊನೆಗೆ ತಳ್ಳುತ್ತಾರೆ.

ಪಂಚರ ಸಮಕ್ಷಮ ಬೀರು ತೆರೆಸಿದರು. ಉಳಿದ ಮಾತ್ರೆಗೂ ಹಾಜರಿ ಪುಸ್ತಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದ.

"ಸಾರ್, ಈ ಸೀಟಿ ಅನ್ನೋನು ಹೋದ ತಿಂಗಳು ಐದು, ಆರು, ಏಳನೇ ತಾರೀಕು ಇಲ್ಲಿ ಮಾತ್ರೆ ತಗೊಂಡಿದ್ದಾನೆ. ಆ ಮೂರು ದಿನ ಅವನು ನಮ್ಮ ಕಸ್ಟಡೀಲೇ ಇದ್ದ. ಸೀಟಿ ಹೊಡೆದು ಹೊಡೆದು ನನ್ನ ತಲೆ ಚಿಟ್ಟು ಹಿಡಿಸಿದ್ದ!"

ಸೀಟಿ ಬೆಂಚಿನ ಮೇಲೇ ಸಿಕ್ಕಿದ.

"ನಾವು ಬಿಟ್ಟ ಮೇಲೆ ಇಲ್ಲಿಗೆ ಬಂದಾಗ ನಿನ್ನ ಹೆಸರು ಇತ್ತಾ?"

"ಇತ್ತು ಸಾರ್."

"ಯಾಕಿದೆ ಅಂತ ಕೇಳ್ಲಿಲ್ವಾ?"

"ಇರೋ ಹೆಸರನ್ನ ಯಾಕಿದೆ ಅಂತ ಕೇಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಬೀರುವಿಗೆ ಎರಡು ಕೀಲಿ. ಒಂದು ಕಂಪೌಂಡರನದು, ಅವನು ಆ ವಾರ ಜ್ವರದಿಂದ ಮಲಗಿದ್ದ. ಇನ್ನೊಂದು ನರ್ಸಿನದು. ಐವತ್ತು ದಾಟಿದ ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು.

"ಯಾರಿಗೆ ಕೊಟ್ರಿ ಅಕ್ಕ?"

"ನನ್ನ ತಮ್ಮನಿಗೆ. ಎಂಟು ತಿಂಗಳು ಒಂದು ದಿನ ತಪ್ಪಿಸದೆ ಬಂದಿದ್ದ. ಗೋದಾಮಲ್ಲಿ ಕೆಲಸ ಸಿಕ್ತು, ಹತ್ತು ಗಂಟೆಗೆ ಬಿಡಲ್ಲ ಅಂದ್ರು. ಮೂರು ದಿನ ತಪ್ಪಿತು. ಅವನ ಹೆಸರು ಹೊಡೆದಿದ್ದು ಈ ಕೈಯೇ."

"ಸಂಜೆ ತೆರೀರಿ ಅಂತ ಕೇಳಬಹುದಿತ್ತು."

"ಮೂರು ಸಲ ಬರೆದೆ. 'ಪರಿಶೀಲಿಸಲಾಗುವುದು' ಅಂತ ಮೂರು ಸಲ ಬಂತು."

"ದಿನಕ್ಕೆ ಒಬ್ಬನ ಮಾತ್ರೆ ಸಾಕಿತ್ತು. ತಪ್ಪಿಸಿದ ಎಲ್ಲರಿಗೂ ಯಾಕೆ ಹಾಜರಿ ಹಾಕಿದ್ರಿ? ಅದರಿಂದಲೇ ಸಿಕ್ಕಿಬಿದ್ರಿ."

"ಒಬ್ಬನಿಗೆ ಹಾಕಿ, ಪಕ್ಕದವನ ಹೆಸರು ಹೊಡೆಯೋಕೆ ಕೈ ಬರಲಿಲ್ಲ ಸಾರ್."

ಮಿಕ್ಕ ಮಾತ್ರೆಗಳನ್ನೆಲ್ಲ ಆಕೆ ಕೈಚೀಲದಿಂದ ತೆಗೆದಿಟ್ಟಳು. ಒಂದನ್ನೂ ಮಾರಿರಲಿಲ್ಲ. ಜಪ್ತಿಯಾಯಿತು.

"ಕದ್ದಿದ್ದು ಅಂತ ತಮ್ಮನಿಗೆ ಗೊತ್ತಾ?"

"ಇಲ್ಲ. ಆರು ಗಂಟೆಗೆ ಮನೆಗೆ ಬರ್ತಾನೆ. ನನಗೂ ಬಾಯಿ ತೆರೆದು ತೋರಿಸಿಯೇ ಹೋಗೋದು. ಇವತ್ತು ಬಾಗಿಲು ಹಾಕಿರುತ್ತಲ್ಲ ಸಾರ್, ಏನು ಮಾಡ್ತಾನೋ?"

2.30ಕ್ಕೆ ಬಂಧನ ದಾಖಲಾಯಿತು. ಇನ್ಸ್‌ಪೆಕ್ಟರ್ ಆರೋಗ್ಯಾಧಿಕಾರಿಗೆ ಫೋನ್ ಮಾಡಿದರು. ನರ್ಸಿನ ತಮ್ಮ ಕಾಯುವವರ ಪಟ್ಟಿಯಲ್ಲಿ ಅರವತ್ತೊಂದನೆಯವನು, ಸರದಿ ಬರಲು ಸುಮಾರು ನಾಲ್ಕು ತಿಂಗಳು ಎಂದರು ಅವರು. ಸಂಜೆ ತೆರೆಯುವ ವಿಚಾರ ಕೇಳಿದ್ದಕ್ಕೆ, "ಪರಿಶೀಲಿಸ್ತೀವಿ."

ವರದಿಯಲ್ಲಿ ಕಳವಿನ ಕಾರಣ ಬರೆಯುವ ಜಾಗದಲ್ಲಿ ಇನ್ಸ್‌ಪೆಕ್ಟರ್ ಒಂದೇ ಸಾಲು ಬರೆದರು: ತಮ್ಮನು ಕೆಲಸ ಬಿಡದಿರಲಿ, ಮತ್ತೆ ಪುಡಿ ಮುಟ್ಟದಿರಲಿ ಎಂದು.

ಆರಕ್ಕೆ ಅವರು ನರ್ಸಿನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಊಟದ ಡಬ್ಬಿ ಹಿಡಿದು ಬಂದ ತಮ್ಮ ಸಮವಸ್ತ್ರ ಕಂಡು ಗಕ್ಕನೆ ನಿಂತ.

"ನಾನೇನೂ ಮಾಡಿಲ್ಲ ಸಾರ್."

"ಗೊತ್ತಪ್ಪ," ಎಂದು ಇನ್ಸ್‌ಪೆಕ್ಟರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಕೂತ್ಕೋ."