ಆನ್ಸ್ ರೂಜ್ ದಡದ ಕೆಂಪು ಬಾವುಟ

ಜನವರಿ ಹದಿನಾಲ್ಕು, ಮಂಗಳವಾರ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಪುಟ್ಟ ದ್ವೀಪದ ಬಂದರೂರು ಆನ್ಸ್ ರೂಜ್‌ನ ಪೊಲೀಸ್ ಠಾಣೆಗೆ ವಯಸ್ಸಾದ ಬಿಳಿಯ ಹೆಂಗಸೊಬ್ಬರು ಬರಿಗಾಲಲ್ಲಿ ಬಂದರು. ಕೂದಲು ಉಪ್ಪುನೀರಿಗೆ ಅಂಟುಗಟ್ಟಿತ್ತು. ಜೊತೆಗೆ ಬಂದ ಹಡಗಿನ ಏಜೆಂಟು ಕುರ್ಚಿ ಎಳೆದುಕೊಟ್ಟರೂ ಅವರು ಕೂರಲಿಲ್ಲ.

ಹೆಸರು ಡೋರೀನ್ ಹೇಗನ್, ಅಮೆರಿಕದ ಒಹಾಯೋದವರು. ಬೆಳಗ್ಗೆ ಪ್ರವಾಸಿ ಹಡಗಿನಿಂದ ಇಳಿದು ಗಂಡ ವಾಲ್ಟರ್ ಜೊತೆ ಕಡಲ ದಡಕ್ಕೆ ಹೋಗಿದ್ದರು. ಹತ್ತೂವರೆಯ ಹೊತ್ತಿಗೆ ವಾಲ್ಟರ್ ಈಜಲು ನೀರಿಗಿಳಿದರು. ಸೆಳೆತ ಅವರನ್ನು ಒಳಕ್ಕೆ ಎಳೆದುಕೊಂಡು ಹೋಯಿತು. ಮೀನುಗಾರರು ದೋಣಿ ತಳ್ಳಿಕೊಂಡು ಹೋಗಿ ಕರೆತರುವಷ್ಟರಲ್ಲಿ ಉಸಿರು ನಿಂತಿತ್ತು.

"ಅಲ್ಲಿ ಈಜಬಾರದು ಅನ್ನೋ ಕೆಂಪು ಬಾವುಟ ಇರಲಿಲ್ಲ," ಎಂದರು ಡೋರೀನ್. "ಯಾವ ಬಂದರಿಗೆ ಹೋದ್ರೂ ನಾವು ಮೊದಲು ನೋಡೋದು ಅದನ್ನೇ. ಇದ್ದಿದ್ರೆ ಅವರು ಕಾಲೂ ಇಡ್ತಿರಲಿಲ್ಲ. ನಿಮ್ಮ ಜೀವರಕ್ಷಕ ಅನ್ನೋನೂ ಅಲ್ಲಿರಲಿಲ್ಲ. ಬರ್ಕೊಳ್ಳಿ."

ಕಾನ್‌ಸ್ಟೆಬಲ್ ಜೆಮಾ ಬ್ಯಾಪ್ಟಿಸ್ಟ್ ಬರೆದುಕೊಂಡಳು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಕೆಲನ್ ನೋಯೆಲ್, ವಯಸ್ಸು ಇಪ್ಪತ್ತನಾಲ್ಕು, ಆ ದಡದ ಜೀವರಕ್ಷಕ. ಸಂಜೆ ಐದಕ್ಕೆ ಹಡಗು ಮುಂದಿನ ದ್ವೀಪಕ್ಕೆ ಹೊರಟಿತು. ಶವಪರೀಕ್ಷೆ ಮುಗಿಯುವವರೆಗೆ ಡೋರೀನ್ ಊರಿನ ವಸತಿಗೃಹವೊಂದರಲ್ಲಿ ಉಳಿದರು.

ಇನ್ಸ್‌ಪೆಕ್ಟರ್ ಆಲ್ಡಸ್ ರೆಜಿಸ್ ಅಂದೇ ಮೂರು ಗಂಟೆಗೆ ದಡಕ್ಕೆ ಹೋಗಿ ಪಂಚನಾಮೆ ಮಾಡಿಸಿದ್ದರು. ಚಳಿಗಾಲದಲ್ಲಿ ಉತ್ತರದಿಂದ ಬರುವ ದೊಡ್ಡ ಅಲೆಗಳ ಅಬ್ಬರ ಇನ್ನೂ ಇಳಿದಿರಲಿಲ್ಲ. ಕಾವಲಿನ ಅಟ್ಟಣೆಯ ಪಕ್ಕದ ಕಂಬ ಬೋಳಾಗಿತ್ತು. ಬಾವುಟ ಅಟ್ಟಣೆಯ ಕೆಳಗಿನ ಪೆಟ್ಟಿಗೆಯಲ್ಲಿ, ಹಗ್ಗಗಳ ಅಡಿ ಮಡಚಿಟ್ಟಂತೆ ಸಿಕ್ಕಿತು. ಪೆಟ್ಟಿಗೆಗೆ ಬೀಗವಿರಲಿಲ್ಲ.

ಸಂಜೆ ಠಾಣೆಯಲ್ಲಿ ಕೆಲನ್‌ನ ವಿಚಾರಣೆ ನಡೆಯಿತು.

"ಬಾವುಟ ಏರಿಸಿದ್ಯಾ?"

"ಏರಿಸಿದ್ದೆ ಸರ್. ಆರೂವರೆಗೆ. ನನ್ನ ಕೈಯಾರೆ."

"ಪೆಟ್ಟಿಗೆಯಲ್ಲಿ ಹೇಗೆ ಬಂತು?"

"ಗೊತ್ತಿಲ್ಲ."

"ಹತ್ತೂವರೆಗೆ ಎಲ್ಲಿದ್ದೆ?"

"ಗುಡ್ಡದ ಆಚೆ ಕೊಲ್ಲೀಲಿ. ಎರಡು ದಡಕ್ಕೂ ನಾನೊಬ್ಬನೇ. ಅಲ್ಲಿಗೆ ಶಾಲೆ ಮಕ್ಕಳು ಬಂದಿದ್ರು, ನೀರಿಗೆ ಬಿಡದೆ ಕಾಯ್ತಾ ನಿಂತಿದ್ದೆ." ಅವನು ಮುಖ ಒರೆಸಿಕೊಂಡ. "ಇಲ್ಲಿ ಕೆಂಪು ಇದೆಯಲ್ಲ, ಯಾರೂ ಇಳಿಯಲ್ಲ ಅಂದ್ಕೊಂಡೆ. ಒಂದ್ಸಲ ಬಂದು ನೋಡ್ಬೇಕಿತ್ತು. ಅದು ನನ್ನದೇ ತಪ್ಪು ಸರ್."

ಶಾಲೆಯ ಶಿಕ್ಷಕಿ ಅವನ ಮಾತನ್ನು ಖಚಿತಪಡಿಸಿದರು. ಬಾವುಟದ ವಿಷಯಕ್ಕೆ ಮಾತ್ರ ಸಾಕ್ಷಿ ಇರಲಿಲ್ಲ; ಅವನನ್ನು ಲಾಕಪ್ಪಿನಲ್ಲೇ ಇರಿಸಿಕೊಂಡರು.

ಮರುದಿನ ರೆಜಿಸ್ ದಡದ ವ್ಯಾಪಾರಿಗಳನ್ನು ಕೇಳಿದರು. ಎಳನೀರಿನ ಫಿಟ್ಜ್ ಒಂಬತ್ತಕ್ಕೆ ಬಂದಿದ್ದ.

"ಬಾವುಟ ಇತ್ತಾ?"

"ನಾನು ಬಂದಾಗ ಇರಲಿಲ್ಲ. ಅಲ್ಲಾ ಇನ್ಸ್‌ಪೆಕ್ಟ್ರೇ, ಆ ಹುಡುಗ ಎದೆ ಉಬ್ಬಿಸ್ಕೊಂಡು ಹುಡುಗಿಯರ ಮುಂದೆ ಓಡಾಡೋದ್ರಲ್ಲಿ ನಿಸ್ಸೀಮ. ಬಾವುಟಕ್ಕೆ ಹೊತ್ತೆಲ್ಲಿ ಅವನಿಗೆ?"

ಪಕ್ಕದಲ್ಲಿ ಅರ್ಲಾ ಅಲೆಕ್ಸಿಸ್ ಕುರ್ಚಿಗಳ ಮರಳು ಕೊಡವುತ್ತಿದ್ದರು. ಅರವತ್ತು ದಾಟಿದವರು. ಪ್ರವಾಸಿಗಳಿಗೆ ಕುರ್ಚಿ, ಹಳದಿ ಛತ್ರಿ ಬಾಡಿಗೆಗೆ ಕೊಡುವುದು ಅವರ ಕಸುಬು. ವಾಲ್ಟರ್ ಮುಳುಗಿದಾಗ ಛತ್ರಿಯ ಕಂಬ ಹಿಡಿದುಕೊಂಡು ಕುತ್ತಿಗೆಮಟ್ಟದ ನೀರಿಗೆ ನುಗ್ಗಿದ್ದವರೂ ಅವರೇ.

"ನೀವು ಎಷ್ಟು ಹೊತ್ತಿಗೆ ಬಂದ್ರಿ, ಮಿಸ್ ಅರ್ಲಾ?"

"ಒಂಬತ್ತಾಗಿತ್ತು."

"ಬಾವುಟ?"

"ನೋಡ್ಲಿಲ್ಲ." ಅವರು ಇನ್ನೊಂದು ಕುರ್ಚಿಗೆ ಕೈ ಹಾಕಿದರು.

ಅಂದು ಮಧ್ಯಾಹ್ನ ಅರ್ಲಾ ಉಪ್ಪುಮೀನು, ಹುರಿದ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಬಂದರು. ಕೆಲನ್‌ನ ತಾಯಿ ಟ್ರಿನಿಡಾಡಿನಲ್ಲಿ ಕೆಲಸಕ್ಕಿದ್ದಳು. ಅವನನ್ನು ಚಿಕ್ಕಂದಿನಿಂದ ನೋಡಿಕೊಂಡವರು ಇವರೇ; ಅವನಿಗೆ ಇವರು ಟಾಂಟಿ, ಅಂದರೆ ಚಿಕ್ಕಮ್ಮ. ಲಾಕಪ್ಪಿನ ಬಾಗಿಲಲ್ಲಿ ನಿಂತಿದ್ದ ಜೆಮಾಗೆ ಮಾತು ಕೇಳಿಸಿತು.

"ಟಾಂಟಿ, ನಾನು ಏರಿಸಿದ್ದೆ. ನೀನಾದ್ರೂ ನಂಬ್ತೀಯಾ ತಾನೆ?"

"ತಿನ್ನು. ಆರಿಹೋಗುತ್ತೆ."

"ನಂಬ್ತೀಯಾ ಅಂತ ಕೇಳ್ದೆ."

"ತಿನ್ನು ಮಗಾ," ಎಂದು ಅರ್ಲಾ ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಮಡಚಿಕೊಂಡು ಹೊರಟರು. ಜಗಲಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಜೆಮಾ ನೀರು ಕೊಟ್ಟರೆ ಕುಡಿಯಲಿಲ್ಲ.

ಗುರುವಾರ ಬೆಳಗ್ಗೆ ರೆಜಿಸ್ ಮೃತರ ಉಂಗುರ, ಕನ್ನಡಕ ಹಿಂದಿರುಗಿಸಲು ವಸತಿಗೃಹಕ್ಕೆ ಹೋದರು. ಡೋರೀನ್ ಹಾಸಿಗೆಯ ಅಂಚಿನಲ್ಲಿ ಫೋನು ಹಿಡಿದು ಕೂತಿದ್ದರು. ಫೋನಿನಲ್ಲಿ ಗಂಡಸಿನ ದನಿ ಕೇಳುತ್ತಿತ್ತು.

"ದಿನಾ ಬೆಳಗ್ಗೆ ವಾಲ್ಟರ್ ಹಡಗಿನ ಬಾಲ್ಕನೀಲಿ ನಿಂತು ಅಂಕ ಕೊಡೋರು," ಎಂದರು ಡೋರೀನ್. "ಹಡಗಿಗೆ, ಬಂದರಿಗೆ. ವಿಡಿಯೋ ಮಾಡಿ ಮಕ್ಕಳಿಗೆ ಕಳಿಸೋಕೆ. ನಲವತ್ತು ವರ್ಷ ಮೇಷ್ಟ್ರಾಗಿದ್ರಲ್ಲ, ಬಿಡೋಕೆ ಆಗ್ತಿರಲಿಲ್ಲ."

ಪರದೆಯಲ್ಲಿ ವಾಲ್ಟರ್ ನಗುತ್ತಿದ್ದರು. ಹಡಗಿನ ಕಾಫಿಗೆ ಹತ್ತಕ್ಕೆ ನಾಲ್ಕು. ಹಾಸಿಗೆಗೆ ಒಂಬತ್ತು. ನಿನ್ನೆಯ ಬಂದರಿಗೆ ಐದು; ಅಂಗಡಿ ಜಾಸ್ತಿ, ಊರು ಕಮ್ಮಿ. ಆಮೇಲೆ, "ಇವತ್ತಿನ ಬಂದರಿಗೆ ಇಲ್ಲಿಂದ ನೋಡಿದ್ರೇನೇ ಎಂಟು. ಡೋರೀನ್ ಈಜ್ಬೇಕಂತೆ. ಈಜಿ ಬಂದು ಮಿಕ್ಕಿದ್ದು ಕೊಡ್ತೀನಿ."

"ಸ್ವಲ್ಪ ನಿಲ್ಸಿ," ಎಂದರು ರೆಜಿಸ್. "ಇದು ಮಂಗಳವಾರದ್ದಾ?"

"ಹೌದು. ಏಳೂ ಮುಕ್ಕಾಲಿಗೆ, ಹಡಗು ಕಟ್ಟೆಗೆ ಬಂದು ನಿಂತಾಗ."

"ಅವರ ಕಿವಿಯ ಪಕ್ಕ ನೋಡಿ. ದೊಡ್ಡದು ಮಾಡಿ."

ವಾಲ್ಟರ್ ದಡಕ್ಕೆ ಬೆನ್ನು ಹಾಕಿ ನಿಂತಿದ್ದರು. ಅವರ ಕಿವಿಯ ಹಿಂದೆ, ದೂರದ ಕಂಬದ ತುದಿಯಲ್ಲಿ, ಕೆಂಪಗೆ ಏನೋ ಹಾರುತ್ತಿತ್ತು.

ಡೋರೀನ್ ಪರದೆಯನ್ನು ಬೆರಳಿಂದ ಒರೆಸಿ ಮತ್ತೆ ನೋಡಿದರು.

"ಆ ಹುಡುಗ ಎಲ್ಲಿದ್ದಾನೆ?"

"ಲಾಕಪ್ಪಲ್ಲಿ."

"ನಾನು ಇದನ್ನ ಇಪ್ಪತ್ತು ಸಲ ಹಾಕ್ಕೊಂಡು ನೋಡಿದೀನಿ, ಆಫೀಸರ್. ಇವರ ಮುಖ ಬಿಟ್ಟು ಬೇರೇನೂ ಕಾಣ್ಲಿಲ್ಲ." ಅವರು ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೀರಿಗೆ ಹೋಗೋಣ ಅಂತ ಹಟ ಮಾಡಿದ್ದೂ ನಾನೇ."

ರೆಜಿಸ್‌ಗೆ ಕಂಡದ್ದು ಬಾವುಟ ಮಾತ್ರವಲ್ಲ. ಕಂಬದ ಕೆಳಗೆ ಸಾಲಾಗಿ ಹಳದಿ ಛತ್ರಿಗಳು ಬಿಚ್ಚಿ ನಿಂತಿದ್ದವು. ಆ ದಡದಲ್ಲಿ ಹಳದಿ ಛತ್ರಿ ಇದ್ದದ್ದು ಒಬ್ಬರ ಬಳಿ. ಒಂಬತ್ತಕ್ಕೆ ಬಂದೆ, ಬಾವುಟ ನೋಡಲಿಲ್ಲ ಎಂದವರು ಅವರೇ.

ಮೂರು ಗಂಟೆಗೆ ರೆಜಿಸ್, ಜೆಮಾ ದಡಕ್ಕೆ ಹೋದರು. ಅಂದು ಹಡಗು ಬಂದಿರಲಿಲ್ಲ. ಅರ್ಲಾ ಬಾದಾಮಿ ಮರದ ನೆರಳಲ್ಲಿ ಒಬ್ಬರೇ ಇದ್ದರು. ರೆಜಿಸ್ ಆ ವಿಡಿಯೋದಿಂದ ತೆಗೆದ ಚಿತ್ರವನ್ನು ಮುಂದೆ ಹಿಡಿದರು.

"ಏಳೂ ಮುಕ್ಕಾಲಿಗೆ ನಿಮ್ಮ ಛತ್ರಿ ಬಿಚ್ಚಿದೆ, ಮಿಸ್ ಅರ್ಲಾ. ಮೇಲೆ ಬಾವುಟಾನೂ ಇದೆ."

ಅರ್ಲಾ ನೋಡಿದರು. ಕಣ್ಣು ತಪ್ಪಿಸಲಿಲ್ಲ.

"ಕೆಲನ್‌ನ ಇವತ್ತೇ ಬಿಡ್ತೀರಾ?"

"ಯಾರು ಇಳಿಸಿದ್ದು?"

"ನಾನು. ಫಿಟ್ಜ್ ಬರೋ ಮುಂಚೆ."

"ಯಾರಾದ್ರೂ ಹೇಳಿದ್ರಾ?"

"ಇಲ್ಲ. ಹಿಂದಿನ ಎರಡು ಸಲಾನೂ ಹಡಗು ಬಂದಾಗ ಕೆಂಪೇ ಇತ್ತು. ಅವರು ದಡಕ್ಕೆ ಬರೋರು, ಬಾವುಟ ನೋಡೋರು, ಹಡಗಿಗೆ ವಾಪಸ್ ಹೋಗಿ ಕೂರೋರು. ಆಮೇಲೆ ಆ ಹಡಗಿನ ಆಫೀಸರ್ ನಮ್ಮನ್ನೆಲ್ಲ ಕೂರಿಸ್ಕೊಂಡು ಹೇಳಿದ್ನಲ್ಲ, ಪ್ರವಾಸಿಗಳು ನಿಮ್ಮ ಬಂದರಿಗೇ ಎಲ್ಲಕ್ಕಿಂತ ಕಮ್ಮಿ ಅಂಕ ಕೊಟ್ಟಿರೋದು, ಇನ್ನೊಂದ್ಸಲ ಹೀಗಾದ್ರೆ ಮುಂದಿನ ವರ್ಷ ನಾವು ಬರಲ್ಲ ಅಂತ." ಅವರು ತಲೆ ಎತ್ತಿದರು. "ನೀನೂ ಇದ್ಯಲ್ಲ ಆಲ್ಡಸ್, ಆ ಮೀಟಿಂಗಲ್ಲಿ. ಗೋಡೆ ಪಕ್ಕ ನಿಂತಿದ್ದೆ."

"ಇದ್ದೆ," ಎಂದರು ರೆಜಿಸ್.

"ಮಧ್ಯಾಹ್ನ ಮತ್ತೆ ಏರಿಸೋಣ ಅಂದ್ಕೊಂಡಿದ್ದೆ. ಕಾಲು ನೆನೆಸ್ಕೊಂಡು ಖುಷಿಯಾಗಿ ಹೋಗ್ತಾರೆ ಅಂತ. ಹೊಸಿಲು ದಾಟೋಕೆ ಕಲಿಯೋ ಮುಂಚೆಯೇ ಕಡಲನ್ನ ಕಂಡೋಳು ನಾನು. ನನಗೇ ಬುದ್ಧಿ ಬೇಡ್ವಾ?"

"ಕೆಲನ್ ಒಳಗಿದ್ದಾಗ ಯಾಕೆ ಹೇಳ್ಲಿಲ್ಲ?"

"ನಿನ್ನೆ ಹೇಳೋಕೇ ಅಂತ ಬಂದೆ. ಅವನ ಮುಖ ನೋಡಿ ಬಾಯಿ ಬರ್ಲಿಲ್ಲ."

ಜೆಮಾ ಹೇಳಿಕೆಯನ್ನು ಓದಿ ಹೇಳಿ, ಸಹಿಗೆಂದು ಪೆನ್ನು ಕೊಟ್ಟಳು. ಅರ್ಲಾ ಪೆನ್ನು ತೆಗೆದುಕೊಂಡು ಹಾಗೇ ಹಿಡಿದು ಕೂತರು.

"ಇನ್ನೊಂದಿದೆ ಮಗಳೇ. ಅದನ್ನೂ ಬರ್ಕೋ. ಆ ಯಜಮಾನ್ರು ನೀರಿಗೆ ಹೋಗೋ ಮುಂಚೆ ನನ್ನ ಹತ್ರ ಬಂದ್ರು. ಅಲೆ ಜೋರಾಗಿದೆಯಲ್ಲ, ಇವತ್ತು ಈಜಬಹುದಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಧಾರಾಳವಾಗಿ ಅಂದೆ. ಟವಲ್ ನನ್ನ ಕೈಗೇ ಕೊಟ್ಟು ಹೋದ್ರು."

ರೆಜಿಸ್ ಮೆಲ್ಲಗೆ ಹೇಳಿದರು: "ಅದನ್ನ ಯಾರೂ ಕೇಳಿಸ್ಕೊಂಡಿಲ್ಲ, ಮಿಸ್ ಅರ್ಲಾ. ನೀವು ಹೇಳ್ಬೇಕಾಗಿರಲಿಲ್ಲ. ಶಿಕ್ಷೆ ಜಾಸ್ತಿಯಾಗುತ್ತೆ."

"ಗೊತ್ತು. ಬರ್ಕೋ," ಎಂದು ಅರ್ಲಾ ಪೆನ್ನನ್ನು ಜೆಮಾಳ ಕೈಗಿಟ್ಟರು.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅರ್ಲಾ ಅವರ ಬಂಧನ ದಾಖಲಾಯಿತು. ಕೆಲನ್ ಬಿಡುಗಡೆಯಾದ. ಪ್ರೇರಣೆ ಎಂಬಲ್ಲಿ ರೆಜಿಸ್, ಹಡಗು ಬರುವುದು ನಿಂತೀತೆಂಬ ಭಯ, ಎಂದು ಬರೆದರು. ತಾವೂ ಇದ್ದ ಆ ಸಭೆಯ ತಾರೀಕನ್ನೂ ಅದರ ಕೆಳಗೆ ಸೇರಿಸಿದರು. ಮುಂದಿನ ವಾರ ಅರ್ಲಾ ಪರ ನೇಮಕವಾದ ವಕೀಲರು ಹೇಳಿಕೆಯ ಕೊನೆಯ ಭಾಗವನ್ನು ತೆಗೆಸಿಬಿಡೋಣವೆಂದು ಎರಡು ಸಲ ಬಂದು ಕೇಳಿಕೊಂಡರು. ಅರ್ಲಾ ಎರಡು ಸಲವೂ ಒಪ್ಪಲಿಲ್ಲ.