ಈರುಳ್ಳಿ ಸಾರದ ಕಾಣೆಯಾದ ಅರ್ಧ

"ಕೈ ಚಾಚಿ!"

"ಭವಿಷ್ಯ ಹೇಳ್ತೀರಾ?"

ಸಿದ್ಧಿ ನಗಲಿಲ್ಲ. ವಿಕಿರಣ ಅಳೆಯುವ ಮೀಟರನ್ನು ಅವನ ಅಂಗೈ ಮೇಲೆ ಹಿಡಿದಳು. ಪಟಪಟ ಸದ್ದು!

"ಗ್ಲೌಸ್ ಎಲ್ಲಿ? ಹೋಗಿ, ತೊಳ್ಕೊಳ್ಳಿ!"

ಹೊಳೆನರಸೀಪುರದ ಅರ್ಚಕರ ಮಗ ಸಮರ್ಥ, ಹಾಸನದ ಆ ಲ್ಯಾಬಿಗೆ ಸೇರಿದ ದಿನವೇ ಬೈಸಿಕೊಂಡ. ಬೈದವಳ ಕಣ್ಣಲ್ಲೇ ಅವನ ಮನಸ್ಸು ಉಳಿಯಿತು...

ಈರುಳ್ಳಿಯ ಫ್ಲೇವನಾಯ್ಡ್ ಎಂಬ ಸತ್ವ ದೇಹದೊಳಗೆ ಎಲ್ಲಿಗೆ ಹೋಗುತ್ತದೆ? ಅದನ್ನು ಹುಡುಕುವುದು ಸಿದ್ಧಿಯ ಕೆಲಸ. ವಿಕಿರಣದ ಗುರುತಿರುವ ಗಾಳಿಯಲ್ಲಿ ಈರುಳ್ಳಿ ಬೆಳೆಸಿ, ಸಾರ ತೆಗೆದು, ಒಪ್ಪಿ ಬಂದವರಿಗೆ ಚೂರೇ ಚೂರು ಕುಡಿಸಿ, ರಕ್ತ, ಮಲ, ಮೂತ್ರದಲ್ಲಿ ಆ ಗುರುತನ್ನು ಅಳೆಯುತ್ತಿದ್ದಳು.

ಕುಡಿಸಿದ್ದರಲ್ಲಿ ಅರ್ಧ ಸಿಗಲೇ ಇಲ್ಲ!

"ಎಲ್ಲೋ ಚೆಲ್ಲಿದ್ದೀಯಮ್ಮ," ಎಂದರು ಮುಖ್ಯಸ್ಥ ದೇವರಾಜ್. "ಹೀಗಾದ್ರೆ ಪ್ರಾಜೆಕ್ಟ್ ಬೇರೆಯವರಿಗೆ ಕೊಡ್ತೀನಿ. ಸಮರ್ಥ ಆಗಲೇ ಹೇಳಿದ್ದ, ಈರುಳ್ಳಿ ಕೆಲಸದಿಂದ ನಿನ್ನ ಬಿಡಿಸಿ ಅಂತ."

ಇವನೂ ನನ್ನ ನಂಬಲಿಲ್ಲವಾ...?

ಕಿಟಕಿ ಹತ್ತಿರ ನಿಂತಿದ್ದವನ ಎದುರು ಹೋದಳು. "ನಾನೇ ಚೆಲ್ಲಿದೆ ಅಂತ ನಿಮಗೂ ಅನ್ನಿಸ್ತಾ?"

"ಅಯ್ಯೋ, ಇಲ್ಲ ಕಣ್ರೀ! ನೀವು ಜೈನರು. ದಿನಾ ಈರುಳ್ಳಿ ಹೆಚ್ಚಿ ವ್ರತ ಕೆಡುತ್ತೇನೋ ಅಂತ..."

"ತಿನ್ನಲ್ಲ, ಅಷ್ಟೇ! ಕೆಲಸಕ್ಕೇನು? ನನ್ನನ್ನೇ ಒಂದು ಮಾತು ಕೇಳಬಾರದಿತ್ತಾ?"

ಸಮರ್ಥ ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟ. ಕಿಟಕಿಯ ಗಾಜು ಮಸುಕಾಯಿತು.

ಸಿದ್ಧಿ ಗಾಜನ್ನೇ ನೋಡಿದಳು. ದೇಹದಿಂದ ಹೊರಗೆ ಬರುವುದನ್ನೆಲ್ಲ ಅಳೆದಿದ್ದೆ... ಉಸಿರೊಂದು ಬಿಟ್ಟು!

ಈಗ ಮತ್ತೊಬ್ಬರು ಕುಡಿಯಬೇಕು. ಅನುಮಾನದ ಪ್ರಯೋಗಕ್ಕೆ ಯಾರೂ ಮುಂದೆ ಬರಲಿಲ್ಲ.

"ನಾನು ಕುಡೀತೀನಿ," ಎಂದ ಸಮರ್ಥ.

"ನಿಮ್ಮನೇಲೂ ಈರುಳ್ಳಿ ಒಳಗೆ ಬರಲ್ಲ ಅಲ್ವಾ?"

"ನಿಮ್ಮ ಮೇಲೆ ಸುಳ್ಳು ಅಪವಾದ ಉಳಿಯೋದು ಅದಕ್ಕಿಂತ ದೊಡ್ಡ ದೋಷ."

ವೈದ್ಯರ ಒಪ್ಪಿಗೆ ಸಿಕ್ಕಿತು. ಅವನು ಕುಡಿದ, ಚೀಲಗಳಿಗೆ ಉಸಿರೂದಿದ. ಅವಳು ಅಳೆದಳು.

ಕಾಣೆಯಾಗಿದ್ದ ಅರ್ಧ ಅಲ್ಲಿತ್ತು! ಕರುಳಿನಲ್ಲಿ ಒಡೆದು, ಗಾಳಿಯಾಗಿ, ಉಸಿರಿನ ಜೊತೆ ಹೊರಟುಹೋಗಿತ್ತು. ದೇವರಾಜ್ ಎರಡು ಸಲ ನೋಡಿ, "ತಪ್ಪು ನಂದೇ ಕಣಮ್ಮ, ಮುಂದುವರಿಸು," ಎಂದರು.

ಸಿದ್ಧಿಯ ಕಣ್ಣು ತುಂಬಿತು. ಹೊರಗೆ ಬಂದು ಕೇಳಿದಳು, "ಮನೇಲಿ ಬೈದ್ರಾ?"

"ಅಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ಮಾತ್ರ, 'ಯಾರಿಗೋಸ್ಕರ ಕುಡಿದೆ?' ಅಂದ್ರು."

"ಏನಂದ್ರಿ?"

"ಜೀವನ ಪೂರ್ತಿ ಜೊತೇಲಿರಬೇಕು ಅಂತ ಅನ್ನಿಸಿದವಳಿಗೋಸ್ಕರ ಅಂದೆ. ಕರ್ಕೊಂಡು ಬಾ ಅಂದ್ರು... ಬರ್ತೀರಾ?"

ಸಿದ್ಧಿ ಮೆಲ್ಲಗೆ ಕೇಳಿದಳು,

"ನಾವು ರಾತ್ರಿ ಉಣ್ಣಲ್ಲ. ಹೊತ್ತು ಮುಳುಗೋದ್ರೊಳಗೆ ಊಟ ಹಾಕಿಸ್ತೀಯಾ?"